ಕಕ್ಕಡದಲ್ಲೂ ನಡೆಯುವುದು ಯಾವುದು? ಗುಂಡಿ, ಸೆಪ್ಟಿಕ್ ಟ್ಯಾಂಕ್, ಜೊಂಡಿನ ತೊಟ್ಟಿ, ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ): ಕೊಡಗಿನವರಿಗೊಂದು ಹೋಲಿಕೆ

ಮನೆ ಕಟ್ಟುವಾಗ ಟೈಲ್ಸ್ ಆರಿಸಲು ಮೈಸೂರಿಗೆ ಹೋಗಿ ಬರುವವರು ನಮ್ಮಲ್ಲಿ ಬಹಳ. ಟಾಯ್ಲೆಟ್ ನೀರು, ಬಚ್ಚಲ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ ಮೇಸ್ತ್ರಿಗೇ ಬಿಟ್ಟುಬಿಡುತ್ತಾರೆ. ಮೇಸ್ತ್ರಿ ಹಿಂದಿನ ಮನೆಗೆ ಏನು ಮಾಡಿದ್ದರೋ ಇಲ್ಲೂ ಅದನ್ನೇ ಮಾಡುತ್ತಾರೆ. ಆ ಹಿಂದಿನ ಮನೆ ಕುಶಾಲನಗರದ ಬಯಲಲ್ಲಿತ್ತು, ನಿಮ್ಮದು ಮಡಿಕೇರಿಯ ಇಳಿಜಾರಿನಲ್ಲಿದೆ ಅಂದರೆ ತೊಂದರೆ ಅಲ್ಲಿಂದಲೇ ಶುರು. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಸುಮಾರು 30 ಕಿ.ಮೀ. ಆಚೆ ಇರುವ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ, ಆದರೆ ನೆಲದ ಒಳಗಿನ ಲೆಕ್ಕ ಪೂರ್ತಿ ಬೇರೆ.

ಅದಕ್ಕೇ ಬೆಲೆ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕಕ್ಕಡದಲ್ಲಿ ನಡೆಯುತ್ತದಾ? ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆ ತಿಂಗಳಲ್ಲಿ ಮಣ್ಣು ನೀರು ಕುಡಿದು ತುಂಬಿರುತ್ತದೆ. ಮರ ಬಿದ್ದು, ಲೈನ್ ತುಂಡಾಗಿ ಕರೆಂಟ್ ಹೋಗಿರುತ್ತದೆ. ಟ್ಯಾಂಕಿನ ಕೆಸರು ಹೀರುವ ಸಕ್ಕಿಂಗ್ ಗಾಡಿ ಕರೆದರೆ ತೋಟದ ದಾರಿಯಲ್ಲಿ ಹೂತುಕೊಳ್ಳುತ್ತದೆ. ಬ್ರೋಷರ್ ಹಿಡಿದವರು ಬರುವುದು ಮಾತ್ರ ಮಾರ್ಚ್‌ನಲ್ಲಿ. ಆಗ ಯಾವ ಗುಂಡಿಗೆ ಎಷ್ಟು ನೀರು ಬಿಟ್ಟರೂ ಇಂಗುತ್ತದೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಮೊದಲು ಜಾಗ ನೋಡಿ

ಯಾವ ವ್ಯವಸ್ಥೆ ಬೇಕು ಅನ್ನುವುದನ್ನು ಅರ್ಧ ನಿಮ್ಮ ಜಾಗವೇ ಹೇಳಿಬಿಡುತ್ತದೆ. ನೋಡಬೇಕಾದ್ದು ಮೂರು: ಮಣ್ಣು, ಬಾವಿ, ಬರೆ (ಗುಡ್ಡ ಕೊರೆದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ).

ಮಣ್ಣಿನ ಪರೀಕ್ಷೆ ಸುಲಭ. ಇಂಗುಗುಂಡಿ ಬರುವ ಜಾಗದಲ್ಲಿ ಒಂದು ಅಡಿ ಅಗಲದ ಕುಳಿ ತೋಡಿ. ಹಿಂದಿನ ದಿನವೇ ನೀರು ತುಂಬಿ ಮಣ್ಣನ್ನು ನೆನೆಸಿಡಿ. ಮರುದಿನ ಮತ್ತೆ ನೀರು ಹಾಕಿ, ಮಟ್ಟ ಎರಡೂವರೆ ಸೆಂಟಿಮೀಟರ್ ಇಳಿಯಲು ಎಷ್ಟು ಹೊತ್ತು ಬೇಕು ನೋಡಿ. ಸೆಪ್ಟಿಕ್ ಟ್ಯಾಂಕಿಗೆ ನಮ್ಮ ದೇಶದಲ್ಲಿ ಐಎಸ್ 2470 ಅನ್ನುವ ಮಾನದಂಡ ಇದೆ. ಅದರ ಪ್ರಕಾರ 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಆಗಬಹುದು. 30ರಿಂದ 60 ನಿಮಿಷ ಆದರೆ ಉದ್ದ ಕಾಲುವೆ ತೋಡಿ, ಜಲ್ಲಿ ತುಂಬಿ, ನೀರನ್ನು ಹರಡಿ ಬಿಡಬೇಕು. 60 ದಾಟಿದರೆ ನೆಲಕ್ಕೆ ಇಂಗಿಸುವ ಆಸೆಯನ್ನೇ ಬಿಡಿ. ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನು ನಾನು ಸೇರಿಸುತ್ತೇನೆ: ಈ ಪರೀಕ್ಷೆಯನ್ನು ಜುಲೈಯಲ್ಲಿ ಮಾಡಿ. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಇಂಗಿದ ಅದೇ ಕುಳಿ ಆಗ ತಾನಾಗಿಯೇ ನೀರು ತುಂಬಿಕೊಂಡು ನಿಂತಿರುವುದು ಗದ್ದೆ ಪಕ್ಕದ ಸೈಟುಗಳಲ್ಲಿ ಸಾಮಾನ್ಯ.

ಬಾವಿ ಇದ್ದರೆ ಇಂಗುಗುಂಡಿ ಅದರಿಂದ ಕನಿಷ್ಠ 18 ಮೀಟರ್ ದೂರ ಇರಬೇಕು. ನಮ್ಮ ಇಳಿಜಾರಿನಲ್ಲಿ ದೂರಕ್ಕಿಂತ ಮೇಲು-ಕೆಳಗು ಮುಖ್ಯ. ಗುಂಡಿ ಮೇಲೆ, ಬಾವಿ ಕೆಳಗೆ ಇದ್ದರೆ 18 ಅಲ್ಲ, 30 ಮೀಟರ್ ಇದ್ದರೂ ನನಗೆ ಧೈರ್ಯ ಬರುವುದಿಲ್ಲ. ನಿಮ್ಮ ಬಾವಿ ಮಾತ್ರ ಅಲ್ಲ, ಕೆಳಗಿನ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವರು ಕುಡಿಯುವುದು ಅದೇ ನೀರು ಅಲ್ವಾ?

ಇನ್ನು ಬರೆ. ಗುಡ್ಡ ಕೊರೆದು ಸಮ ಮಾಡಿದ ಸೈಟಿನಲ್ಲಿ ಮನೆಯ ಹಿಂದೆ ಒಂದು ಬರೆ, ಮುಂದೆ ಒಂದು ಬರೆ ಇರುತ್ತದೆ. 2018ರ ಆಗಸ್ಟ್ ತಿಂಗಳ ಗುಡ್ಡ ಕುಸಿತ ಆದ ಮೇಲೆ ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರೆಯ ತುದಿಯಲ್ಲಿ ಇಂಗುಗುಂಡಿ ತೋಡಿದರೆ, ಮಳೆ ನೀರು ಸಾಲದು ಅಂತ ನಾವೇ ದಿನಕ್ಕೆ ಐನೂರು ಲೀಟರ್ ನೀರನ್ನು ಆ ಮಣ್ಣಿಗೆ ಕುಡಿಸಿದ ಹಾಗೆ. ಬರೆಯ ಅಂಚಿನಿಂದ ದೂರ ಜಾಗ ಸಿಗದಿದ್ದರೆ ಇಂಗಿಸುವ ಯಾವ ವ್ಯವಸ್ಥೆಯೂ ನಿಮಗಲ್ಲ.

ಒಂಟಿ ಗುಂಡಿ, ಜೋಡಿ ಗುಂಡಿ

ಸಿಮೆಂಟ್ ರಿಂಗ್ ಇಳಿಸಿ, ಮೇಲೆ ಒಂದು ಚಪ್ಪಡಿ ಮುಚ್ಚಿದರೆ ಮುಗಿಯಿತು. ಹಳೇ ಮನೆಗಳಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಜಾಸ್ತಿ ಇರುವುದು ಇದೇ. ಖರ್ಚು ಎಲ್ಲಕ್ಕಿಂತ ಕಡಿಮೆ. ಆದರೆ ಒಂಟಿ ಗುಂಡಿಯಲ್ಲಿ ಶುದ್ಧೀಕರಣ ಅನ್ನುವುದು ಹೆಸರಿಗಷ್ಟೇ. ತುಂಬಿದಾಗ ಹಸಿ ಮಲವನ್ನೇ ಎತ್ತಬೇಕು. ಹೊಸದಾಗಿ ಕಟ್ಟುವವರು ಇದನ್ನು ಯೋಚಿಸಲೂ ಬೇಡಿ.

ಅದೇ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಎರಡು ಗುಂಡಿ ಆಗುತ್ತದೆ. ಮಧ್ಯೆ ಒಂದು ಚೇಂಬರ್, ಅಲ್ಲಿಂದ ಎರಡು ಪೈಪು. ಒಂದು ಸಲಕ್ಕೆ ಒಂದೇ ಗುಂಡಿಗೆ ನೀರು. ಅದು ತುಂಬಲು ಐದಾರು ಜನರ ಮನೆಗೆ ಸುಮಾರು 3 ವರ್ಷ ಹಿಡಿಯುತ್ತದೆ. ಆಮೇಲೆ ಆ ಪೈಪು ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಮೊದಲ ಗುಂಡಿಯನ್ನು 2 ವರ್ಷ ಸುಮ್ನೆ ಬಿಟ್ಟರೆ ಒಳಗಿನದು ಕೊಳೆತು, ಒಣಗಿ, ಮಣ್ಣಿನಂಥ ಗೊಬ್ಬರ ಆಗಿರುತ್ತದೆ. ಬೇಸಿಗೆಯಲ್ಲಿ ತೆಗೆದು ಕಾಫಿ ಗಿಡದ ಬುಡಕ್ಕೆ ಹಾಕಬಹುದು. ಸಕ್ಕಿಂಗ್ ಗಾಡಿಯ ಹಂಗೇ ಇಲ್ಲ.

ಎರಡು ಷರತ್ತು. ಬಚ್ಚಲ ನೀರು, ಬಟ್ಟೆ ಒಗೆದ ನೀರನ್ನು ಇದಕ್ಕೆ ಬಿಡಬಾರದು. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲದ ಮಟ್ಟಕ್ಕೂ ಎರಡು ಮೀಟರ್ ಒಣ ಮಣ್ಣು ಇರಬೇಕು. ಎರಡನೇ ಷರತ್ತು ನಮ್ಮಲ್ಲಿ ಅನೇಕರನ್ನು ಹೊರಗೆ ಹಾಕಿಬಿಡುತ್ತದೆ. ಬಾಣೆಯ (ಗದ್ದೆಗಿಂತ ಮೇಲಿನ ಜಮೀನಿನ) ಎತ್ತರದಲ್ಲಿ, ಸೋಮವಾರಪೇಟೆ ತಾಲ್ಲೂಕಿನ ಪೂರ್ವದ ಕಡೆ, ಕುಶಾಲನಗರದ ಎತ್ತರದ ಬಡಾವಣೆಗಳಲ್ಲಿ ಜೋಡಿ ಗುಂಡಿ ಒಳ್ಳೆಯ ಆಯ್ಕೆ. ಗದ್ದೆ ಬದಿಯಲ್ಲಿ, ಕೊಲ್ಲಿಯ (ಸಣ್ಣ ತೊರೆಯ) ದಡದಲ್ಲಿ ಬೇಡವೇ ಬೇಡ. ಮಳೆಗಾಲದಲ್ಲಿ ಕೆಳಗಿನಿಂದಲೇ ನೀರು ಗುಂಡಿಗೆ ಏರುತ್ತದೆ. ಒಳಗಿದ್ದದ್ದು ಹೊರಗೆ ಬರುತ್ತದೆ.

ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ

ಎಲ್ಲರೂ "ನಮ್ಮದು ಸೆಪ್ಟಿಕ್ ಟ್ಯಾಂಕ್" ಅನ್ನುತ್ತಾರೆ. ಮುಚ್ಚಳ ತೆಗೆದು ನೋಡಿದರೆ ತಳಕ್ಕೆ ಕಾಂಕ್ರೀಟೇ ಇರುವುದಿಲ್ಲ. ಅಂದರೆ ಅದು ಚೌಕಾಕಾರದ ಗುಂಡಿ ಅಷ್ಟೇ. "ಹತ್ತು ವರ್ಷದಿಂದ ತುಂಬಿಲ್ಲ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅರ್ಥ ಮಾಡಿಕೊಳ್ಳಿ, ಅದು ನೆಲಕ್ಕೆ ಸೋರುತ್ತಿದೆ.

ನಿಜವಾದ ಸೆಪ್ಟಿಕ್ ಟ್ಯಾಂಕ್ ನೀರು ಹಿಡಿದಿಡಬೇಕು. ತಳ, ಗೋಡೆ ಎರಡೂ ಸೋರಬಾರದು. ಒಳಗೆ ಒಂದು ಅಡ್ಡಗೋಡೆ, ಮೊದಲ ಕೋಣೆ ದೊಡ್ಡದು, ಎರಡನೆಯದು ಚಿಕ್ಕದು. ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ಟಿ ಆಕಾರದ ತುಂಡು ಇರಬೇಕು. ಅದಿಲ್ಲದಿದ್ದರೆ ಮೇಲೆ ತೇಲುವ ಕೆನೆ ನೇರ ಇಂಗುಗುಂಡಿಗೆ ಹೋಗಿ ಅದರ ಕಣ್ಣು ಮುಚ್ಚಿಸುತ್ತದೆ. ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ ಸಾಕು ಅಂತ ಮಾನದಂಡ ಹೇಳುತ್ತದೆ. ಹತ್ತು ಜನರಿಗೆ ಎರಡು ಮೀಟರ್ ಉದ್ದ, 90 ಸೆಂ.ಮೀ. ಅಗಲ, ಎರಡು ವರ್ಷಕ್ಕೊಮ್ಮೆ ತೆಗೆಸುವುದಾದರೆ 1.4 ಮೀಟರ್ ಆಳ. ಮಡಿಕೇರಿ, ಭಾಗಮಂಡಲ ಕಡೆ ಚಳಿ ಜಾಸ್ತಿ. ಚಳಿಯಲ್ಲಿ ಒಳಗಿನ ಬ್ಯಾಕ್ಟೀರಿಯಾ ನಿಧಾನ ಆಗುತ್ತವೆ. ಹಾಗಾಗಿ ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಕಟ್ಟಿ.

ಈಗ ಜನ ಮರೆಯುವ ವಿಷಯ. ಸೆಪ್ಟಿಕ್ ಟ್ಯಾಂಕ್ ನೀರನ್ನು ಶುದ್ಧ ಮಾಡುವುದಿಲ್ಲ. ಗಟ್ಟಿಯಾದದ್ದನ್ನು ಕೆಳಗೆ ಕೂರಿಸುತ್ತದೆ, ಒಂದಿಷ್ಟನ್ನು ಕರಗಿಸುತ್ತದೆ. ನೀರಿನ ಕೊಳೆಯನ್ನು ಅಳೆಯಲು ಬಿಒಡಿ ಅನ್ನುವ ಅಳತೆ ಬಳಸುತ್ತಾರೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಅದು ಇಳಿಯುವುದು ನೂರಕ್ಕೆ 30ರಿಂದ 50 ಭಾಗ ಮಾತ್ರ. ರೋಗಾಣುಗಳು ಬಹುತೇಕ ಹಾಗೇ ಹೊರಬರುತ್ತವೆ. ಉಳಿದ ಕೆಲಸ ಮಾಡಬೇಕಾದ್ದು ಇಂಗುಗುಂಡಿಯ ಸುತ್ತಲಿನ ಮಣ್ಣು. ಆ ಮಣ್ಣು ಕಕ್ಕಡದಲ್ಲಿ ರಜೆ ಹಾಕುತ್ತದೆ. ಆಗ ಟ್ಯಾಂಕಿನ ನೀರು ಪೈಪು ಇಟ್ಟು ತೋಡಿಗೆ ಬಿಡುವವರಿದ್ದಾರೆ. "ಮಳೆ ನೀರಲ್ಲಿ ಕೊಚ್ಚಿಕೊಂಡು ಹೋಗ್ತದೆ ಬಿಡಿ" ಅನ್ನುತ್ತಾರೆ. ಹೋಗುವುದು ನಿಜ. ಹೋಗುವ ಜಾಗ ಹೆಚ್ಚಿನ ಕಡೆ ಕಾವೇರಿ. ಆ ನೀರನ್ನು ಮೊದಲು ಕೆಳಗಿನ ಊರಿನವರು, ಆಮೇಲೆ ಮೈಸೂರು, ಬೆಂಗಳೂರಿನವರು ಕುಡಿಯುತ್ತಾರೆ.

ಇನ್ನೊಂದು ಸಣ್ಣ ಲೆಕ್ಕ. ಮನೆಯ ಸೂರು 100 ಚದರ ಮೀಟರ್ ಇದ್ದು, ಒಂದು ದಿನಕ್ಕೆ 100 ಮಿ.ಮೀ. ಮಳೆ ಬಂದರೆ, ಸೂರಿನಿಂದ ಬೀಳುವ ನೀರು 10,000 ಲೀಟರ್. ಆ ಪೈಪನ್ನು ಸುಲಭ ಅಂತ ಟ್ಯಾಂಕಿನ ಚೇಂಬರ್‌ಗೆ ಸೇರಿಸಿದ ಮನೆಗಳನ್ನು ನೋಡಿದ್ದೇನೆ. ಹತ್ತು ಜನರ ಟ್ಯಾಂಕ್ ಹಿಡಿಯುವುದೇ ಎರಡೂವರೆ ಸಾವಿರ ಲೀಟರ್. ಒಂದೇ ಮಳೆಗೆ ಒಳಗಿನ ಕೆಸರೆಲ್ಲ ಎದ್ದು ಇಂಗುಗುಂಡಿ ಸೇರುತ್ತದೆ. ಮುಂದಿನ ವರ್ಷ ಇಂಗುಗುಂಡಿಯನ್ನೇ ಹೊಸದಾಗಿ ತೋಡಬೇಕಾಗುತ್ತದೆ. ಸೂರಿನ ನೀರು, ಅಂಗಳದ ನೀರು ಯಾವತ್ತೂ ಬೇರೆ ದಾರಿಯಲ್ಲಿ ಹೋಗಬೇಕು. ಮುಂದೆ ಹೇಳುವ ಎಲ್ಲ ವ್ಯವಸ್ಥೆಗೂ ಇದು ಅನ್ವಯ.

ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಿ. ಗಾಡಿಯನ್ನು ಏಪ್ರಿಲ್‌ನಲ್ಲಿ ಕರೆಸಿ, ಜುಲೈಯಲ್ಲಿ ಅಲ್ಲ. ಪೂರ್ತಿ ಖಾಲಿ ಮಾಡಿಸಬೇಡಿ, ತಳದಲ್ಲಿ ಸ್ವಲ್ಪ ಹಳೇ ಕೆಸರು ಉಳಿದರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಕ್ಷಣಾ ಸಾಧನ ಇಲ್ಲದೆ ಇಳಿಸುವುದು, ಮಲ ಹೊರುವ ಕೆಲಸವನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಸಾವಿಗೆ ಪರಿಹಾರ 30 ಲಕ್ಷ ರೂಪಾಯಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಬ್ಯಾಫಲ್ ಟ್ಯಾಂಕ್ ಮತ್ತು ಜೊಂಡಿನ ತೊಟ್ಟಿ

ನನ್ನ ಒಲವು ಯಾವುದರ ಕಡೆ ಅಂತ ಕೇಳಿದರೆ ಇದರ ಕಡೆ. ಮುಚ್ಚಿಡುವುದಿಲ್ಲ.

ಸೆಪ್ಟಿಕ್ ಟ್ಯಾಂಕಿನ ನಂತರ ನಾಲ್ಕೈದು ಸಣ್ಣ ಕೋಣೆಗಳನ್ನು ಸಾಲಾಗಿ ಕಟ್ಟುತ್ತಾರೆ. ಇದೇ ಬ್ಯಾಫಲ್ ಟ್ಯಾಂಕ್. ಪ್ರತಿ ಕೋಣೆಯಲ್ಲಿ ನೀರು ತಳದವರೆಗೆ ಇಳಿದು ಮತ್ತೆ ಮೇಲೇರಿ ಮುಂದಿನದಕ್ಕೆ ಹೋಗಬೇಕು. ಹಾಗೆ ಏರುವಾಗ ತಳದ ಕೆಸರಿನ ನಡುವೆ ಹಾದು ಹೋಗುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತವೆ. ಕರೆಂಟ್ ಬೇಡ, ಮೋಟಾರ್ ಬೇಡ, ಬೇಕಾದ್ದು ಇಳಿಜಾರು ಮಾತ್ರ. ಇಳಿಜಾರಿಗೆ ನಮ್ಮಲ್ಲಿ ಬರವೇ?

ಅಲ್ಲಿಂದ ಹೊರಬಂದ ನೀರು ಜಲ್ಲಿ ತುಂಬಿದ ತೊಟ್ಟಿಗೆ ಹೋಗುತ್ತದೆ. ಆಳ ಎರಡು ಅಡಿ ಸಾಕು. ತಳ ಸೋರದ ಹಾಗೆ ಕಾಂಕ್ರೀಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಬೇಕು. ಜಲ್ಲಿಯ ಮೇಲೆ ಜೊಂಡು ಅಥವಾ ಹೂಬಾಳೆ ನೆಡುತ್ತಾರೆ. ಹೂಬಾಳೆ ನಮ್ಮ ಹವೆಗೆ ಹುಚ್ಚು ಹಿಡಿದಂತೆ ಬೆಳೆಯುತ್ತದೆ, ನೋಡಲೂ ಚೆಂದ. ಬೇರಿನ ಸುತ್ತ, ಜಲ್ಲಿಯ ಮೈಮೇಲೆ ಬ್ಯಾಕ್ಟೀರಿಯಾ ಕೂತು ಉಳಿದ ಕೊಳೆಯನ್ನು ಮುಗಿಸುತ್ತವೆ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ನಾಲ್ಕು ಇಂಚು ಕೆಳಗೇ ಇರಬೇಕು. ಹಾಗಿದ್ದರೆ ವಾಸನೆ ಇಲ್ಲ, ಸೊಳ್ಳೆಯೂ ಇಲ್ಲ. ಮೇಲೆ ನೀರು ಕಾಣಿಸಿತು ಅಂದರೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ.

ಎರಡೂ ಸೇರಿದರೆ ಬಿಒಡಿ ನೂರಕ್ಕೆ 80-90 ಭಾಗ ಇಳಿಯುತ್ತದೆ. ಆ ನೀರನ್ನು ಬಾಳೆಗೆ, ಹೂಗಿಡಕ್ಕೆ, ತೋಟಕ್ಕೆ ಬಿಡಬಹುದು. ತರಕಾರಿ ಸೊಪ್ಪಿಗೆ ಬೇಡ, ರೋಗಾಣು ಪೂರ್ತಿ ಹೋಗಿರುವುದಿಲ್ಲ.

ಜಾಗ ಎಷ್ಟು ಬೇಕು? ತೊಟ್ಟಿಗೆ ಒಬ್ಬರಿಗೆ ಒಂದರಿಂದ ಎರಡು ಚದರ ಮೀಟರ್ ಇಟ್ಟುಕೊಳ್ಳಿ. ಐದು ಜನರಿಗೆ 10 ಚದರ ಮೀಟರ್ ಅನ್ನೋಣ. ಈಗ ಮಳೆಯ ಲೆಕ್ಕ ಹಾಕಿ ನೋಡಿ. ಒಬ್ಬರು ದಿನಕ್ಕೆ 135 ಲೀಟರ್ ಬಳಸಿ, ಅದರ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಬಂದರೆ ಐದು ಜನರಿಂದ 540 ಲೀಟರ್. 100 ಮಿ.ಮೀ. ಮಳೆ ಬಿದ್ದ ದಿನ ಆ 10 ಚದರ ಮೀಟರ್ ತೊಟ್ಟಿಯ ಮೇಲೆ ಬೀಳುವುದು 1000 ಲೀಟರ್. ಅಂದರೆ ಮನೆಯಿಂದ ಬರುವುದರ ಹೆಚ್ಚುಕಡಿಮೆ ಎರಡರಷ್ಟು ಆಕಾಶದಿಂದ ಬರುತ್ತದೆ. ಬಯಲುಸೀಮೆಯ ನಕ್ಷೆ ತಂದು ಇಲ್ಲಿ ಕಟ್ಟಿದರೆ ತೊಟ್ಟಿ ಉಕ್ಕುವುದು ಇದಕ್ಕೇ. ಪರಿಹಾರ ಕಷ್ಟದ್ದಲ್ಲ. ಹೊರಹೋಗುವ ಪೈಪನ್ನು ದೊಡ್ಡದಿಡಿ. ತೊಟ್ಟಿಯ ಸುತ್ತ ಒಂದು ಅಡಿ ಕಟ್ಟೆ ಎಬ್ಬಿಸಿ, ಮೇಲಿನ ತೋಟದಿಂದ ಹರಿದು ಬರುವ ನೀರನ್ನು ಬದಿಯ ಚರಂಡಿಗೆ ತಿರುಗಿಸಿ. ನೇರ ಬಿದ್ದ ಮಳೆಯಿಂದ ದೊಡ್ಡ ನಷ್ಟವಿಲ್ಲ, ನೀರು ಬೇಗ ದಾಟಿದರೂ ತೆಳ್ಳಗಾಗಿರುತ್ತದೆ. ಹರಿದು ಬರುವ ಕೆಮ್ಮಣ್ಣು ಮಾತ್ರ ಜಲ್ಲಿಯ ಸಂದು ತುಂಬಿ ತೊಟ್ಟಿಯನ್ನೇ ಕೊಲ್ಲುತ್ತದೆ.

ಹೋಂಸ್ಟೇ ಇಟ್ಟವರಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ನಮ್ಮ ಹೋಂಸ್ಟೇಗಳಲ್ಲಿ ಮಂಗಳವಾರ ಇಬ್ಬರು, ಶನಿವಾರ ಇಪ್ಪತ್ತು ಜನ. ದಸರಾ ರಜೆಯಲ್ಲಿ ಹಜಾರದಲ್ಲೂ ಹಾಸಿಗೆ. ಹೀಗೆ ಏರಿಳಿತ ಇದ್ದರೂ ಬ್ಯಾಫಲ್ ಟ್ಯಾಂಕ್ ಮುನಿಸಿಕೊಳ್ಳುವುದಿಲ್ಲ. ವಾರಗಟ್ಟಲೆ ನೀರು ಬರದಿದ್ದರೂ ಒಳಗಿನ ಬ್ಯಾಕ್ಟೀರಿಯಾ ಬದುಕಿರುತ್ತವೆ. ಆದರೆ ಅಳತೆ ಹಾಕುವಾಗ ವರ್ಷದ ಸರಾಸರಿ ಹಿಡಿಯಬೇಡಿ, ಆ ತುಂಬಿದ ಶನಿವಾರವನ್ನೇ ಹಿಡಿಯಿರಿ.

ಕೊರತೆ ಏನು? ಜಾಗ ಬೇಕು. ಪೇಟೆಯ ಮೂವತ್ತು-ನಲವತ್ತರ ಸೈಟಿನಲ್ಲಿ ಇದು ಆಗದ ಮಾತು. ಹೊಸದಾಗಿ ಶುರು ಮಾಡಿದ ಮೇಲೆ ಸರಿಯಾಗಿ ಕೆಲಸ ಮಾಡಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಹಾಗಾಗಿ ಮಳೆ ಹಿಡಿಯುವ ಮೊದಲೇ ಚಾಲೂ ಮಾಡಿ. ಬೇರೆ ಕಡೆಯ ಕೆಸರು ಒಂದೆರಡು ಡ್ರಮ್ ತಂದು ಸುರಿದರೆ ಇನ್ನೂ ಬೇಗ. ವರ್ಷಕ್ಕೊಂದು ಸಲ ಗಿಡ ಕತ್ತರಿಸಬೇಕು. ಹತ್ತು ವರ್ಷದ ಆಸುಪಾಸಿನಲ್ಲಿ ಮುಂಭಾಗದ ಜಲ್ಲಿ ತೆಗೆದು ತೊಳೆದು ಹಾಕಬೇಕಾಗಬಹುದು. ಎಲ್ಲಕ್ಕಿಂತ ದೊಡ್ಡ ತೊಡಕು, ಇದನ್ನು ಸರಿಯಾಗಿ ಕಟ್ಟಬಲ್ಲ ಮೇಸ್ತ್ರಿ ಸಿಗುವುದು. ಕೋಣೆಯ ಮಟ್ಟದಲ್ಲಿ ಒಂದು ಇಂಚು ಹೆಚ್ಚು ಕಡಿಮೆ ಆದರೂ ನೀರು ಹಿಂದಕ್ಕೆ ನಿಲ್ಲುತ್ತದೆ. ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡುವಾಗ ನೀವೂ ಪಕ್ಕದಲ್ಲಿ ನಿಂತಿರಿ.

ರೆಡಿಮೇಡ್ ಬಯೋ ಡೈಜೆಸ್ಟರ್

ಬ್ಯಾಕ್ಟೀರಿಯಾ ಬಳಸಿ ಮಲವನ್ನು ಕರಗಿಸುವ ಫೈಬರ್ ಟ್ಯಾಂಕ್ ಇದು. ಲಾರಿಯಲ್ಲಿ ಬರುತ್ತದೆ, ಗುಂಡಿಗೆ ಇಳಿಸಿದರೆ ಆಯಿತು. ಹಿಮದ ನಾಡಿನ ಸೈನಿಕರಿಗಾಗಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮಾಡಿದ ತಂತ್ರ, ಆಮೇಲೆ ರೈಲಿಗೂ ಬಂತು. ಜಾಗ ಕಡಿಮೆ, ಕೆಲಸ ಬೇಗ, ಸೋರುವುದಿಲ್ಲ. ಬಾವಿ ಹತ್ತಿರ ಇರುವ ಸಣ್ಣ ಸೈಟಿಗೆ ಇದನ್ನು ಯೋಚಿಸಬಹುದು. ಆದರೆ "ಹೊರಬರುವ ನೀರು ಶುದ್ಧ" ಅನ್ನುವ ಮಾತನ್ನು ನಂಬಬೇಡಿ. ಅದಕ್ಕೂ ಮುಂದೆ ಜೊಂಡಿನ ತೊಟ್ಟಿಯೋ ಇಂಗುಗುಂಡಿಯೋ ಬೇಕೇ ಬೇಕು. ಇಳಿಸುವಾಗ ಕಾಂಕ್ರೀಟ್ ತಳಕ್ಕೆ ಬಿಗಿದು ಕಟ್ಟಿಸಿ. ನೀರು ನಿಲ್ಲುವ ನೆಲದಲ್ಲಿ ಖಾಲಿ ಟ್ಯಾಂಕ್ ಮಳೆಗಾಲಕ್ಕೆ ತೇಲಿ ಮೇಲೆ ಬರುತ್ತದೆ.

ಎಸ್‌ಟಿಪಿ

ರೆಸಾರ್ಟ್, ದೊಡ್ಡ ಲಾಡ್ಜ್, ಆಸ್ಪತ್ರೆ, ಹಾಸ್ಟೆಲ್ ಅಂದರೆ ಮಾತು ಇಲ್ಲಿಗೇ ಬರುತ್ತದೆ. ಬ್ಲೋವರ್ ಹಾಕಿ ನೀರಿಗೆ ಗಾಳಿ ಊದುತ್ತಾರೆ. ಗಾಳಿ ಬೇಕಾದ ಬ್ಯಾಕ್ಟೀರಿಯಾ ಕೊಳೆಯನ್ನು ಬೇಗ ಬೇಗ ತಿನ್ನುತ್ತವೆ. ಜೊಂಡಿನ ತೊಟ್ಟಿಗೆ ದಿನಗಟ್ಟಲೆ ಬೇಕಾದ ಕೆಲಸ ಇಲ್ಲಿ ಗಂಟೆಗಳಲ್ಲಿ ಮುಗಿಯುತ್ತದೆ. ಜಾಗ ತೀರಾ ಕಡಿಮೆ, ನೀರು ಚೆನ್ನಾಗಿಯೇ ಬರುತ್ತದೆ. ಎಸ್‌ಟಿಪಿ ನೀರಿನ ಬಿಒಡಿ ದೊಡ್ಡ ನಗರಗಳ ಹೊರಗೆ ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲಿ ಹೇಳಿತ್ತು. ಹಸಿರು ನ್ಯಾಯಮಂಡಳಿ 2019ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ 10ಕ್ಕೆ ಇಳಿಸಲು ಆದೇಶ ಕೊಟ್ಟಿತು. 10ಕ್ಕೆ ಇಳಿಸುವುದು ಬರೀ ಟ್ಯಾಂಕಿನಿಂದ, ಗುಂಡಿಯಿಂದ ಆಗುವ ಕೆಲಸ ಅಲ್ಲ.

ಈಗ ಕಕ್ಕಡದ ಪ್ರಶ್ನೆಗೆ ಬನ್ನಿ. ಕರೆಂಟ್ ಹೋದರೆ ಬ್ಲೋವರ್ ನಿಲ್ಲುತ್ತದೆ. ಕೆಲವೇ ಗಂಟೆಯಲ್ಲಿ ನೀರಿನ ಆಮ್ಲಜನಕ ಮುಗಿಯುತ್ತದೆ. ಒಂದೆರಡು ದಿನ ಕಳೆದರೆ ಬ್ಯಾಕ್ಟೀರಿಯಾ ಸಾಯಲು ಶುರು, ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ. ಕರೆಂಟ್ ಬಂದ ಮೇಲೂ ಹಳೇ ಸ್ಥಿತಿಗೆ ಬರಲು ವಾರಗಳು ಬೇಕು. ಹಾಗಾಗಿ ಎಸ್‌ಟಿಪಿಯ ಬೆಲೆಗೆ ಜನರೇಟರ್ ಮತ್ತು ಅದರ ಡೀಸೆಲ್ ಖರ್ಚನ್ನು ಸೇರಿಸಿಯೇ ಹೋಲಿಸಿ. ನೋಡಿಕೊಳ್ಳುವ ಮನುಷ್ಯನ ಸಂಬಳವನ್ನೂ ಸೇರಿಸಿ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುವ ಮೆಕ್ಯಾನಿಕ್‌ನಿಂದ ಇದು ನಡೆಯುವುದಿಲ್ಲ. ನಾನು ನೋಡಿದ ಒಂದು ಕಡೆ ಬಿಲ್ ಜಾಸ್ತಿ ಬರುತ್ತದೆ ಅಂತ ರಾತ್ರಿ ಬ್ಲೋವರ್ ಆಫ್ ಮಾಡುತ್ತಿದ್ದರು. ಎಸ್‌ಟಿಪಿ ಇತ್ತು, ಬೋರ್ಡೂ ಇತ್ತು, ಒಳಗೆ ನಡೆಯುತ್ತಿದ್ದದ್ದು ಸೆಪ್ಟಿಕ್ ಟ್ಯಾಂಕಿನ ಕೆಲಸ.

ತಗೊಳ್ಳಲೇಬೇಕು ಅಂದರೆ ಎಂಬಿಬಿಆರ್ ನಮೂನೆ ಕೇಳಿ. ಅದರಲ್ಲಿ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಅಂಟಿಕೊಂಡು ಬೆಳೆಯುತ್ತವೆ. ಜನ ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಆದರೂ ಸ್ವಲ್ಪ ತಾಳಿಕೊಳ್ಳುತ್ತದೆ. ಮೊದಲು ಒಂದು ದಿನದ ನೀರು ಹಿಡಿಯುವ ದೊಡ್ಡ ಸಂಪು ಇದ್ದರೆ ಇನ್ನೂ ವಾಸಿ. ಜಾಗ ಇರುವ ರೆಸಾರ್ಟಿಗೆ ನನ್ನ ಸಲಹೆ ಬೇರೆ: ಮೊದಲು ಬ್ಯಾಫಲ್ ಟ್ಯಾಂಕ್ ಕಟ್ಟಿ, ಅದರ ನಂತರ ಸಣ್ಣ ಎಸ್‌ಟಿಪಿ ಇಡಿ. ಕರೆಂಟ್ ಹೋದ ವಾರದಲ್ಲೂ ಕೊಳೆಯ ದೊಡ್ಡ ಪಾಲು ಮೊದಲಲ್ಲೇ ಇಳಿದಿರುತ್ತದೆ.

ಅಡುಗೆಮನೆ ನೀರು, ಪಲ್ಪರ್ ನೀರು

ಪಂದಿಕರಿ ಮಾಡಿದ ಪಾತ್ರೆ ತೊಳೆದ ನೀರು ನೇರ ಟ್ಯಾಂಕಿಗೆ ಹೋಗಬಾರದು. ಮಡಿಕೇರಿಯ ಚಳಿಗೆ ಆ ಕೊಬ್ಬು ಪೈಪಿನೊಳಗೇ ಗಟ್ಟಿಯಾಗುತ್ತದೆ. ಸಿಂಕಿನ ಹೊರಗೆ ಒಂದು ಸಣ್ಣ ಜಿಡ್ಡಿನ ಚೇಂಬರ್ ಕಟ್ಟಿಸಿ, ವಾರಕ್ಕೊಮ್ಮೆ ಮೇಲಿನದನ್ನು ಕೆರೆದು ತೆಗೆಯಿರಿ. ಹೋಂಸ್ಟೇಗಳಿಗೆ ಇದು ಕಡ್ಡಾಯ ಅಂತಲೇ ತಿಳಿಯಿರಿ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನಂತೂ ಇಲ್ಲಿ ಹೇಳಿದ ಯಾವುದಕ್ಕೂ ಸೇರಿಸಬೇಡಿ. ಅದು ಹುಳಿ ನೀರು, ಅದರ ಬಿಒಡಿ ಮನೆ ಕೊಳಚೆಗಿಂತ ಹತ್ತಾರು ಪಟ್ಟು ಜಾಸ್ತಿ. ಒಂದೇ ಕೊಯ್ಲಿಗೆ ಟ್ಯಾಂಕಿನ ಬ್ಯಾಕ್ಟೀರಿಯಾ ಎಲ್ಲ ಹೋಗುತ್ತವೆ. ಅದಕ್ಕೆ ಸುಣ್ಣ ಹಾಕಿ ಹುಳಿ ಇಳಿಸುವ, ತಳ ಸೋರದ ಹೊಂಡಗಳೇ ಬೇರೆ ಬೇಕು.

ಇಡೀ ಊರಿಗೆ ಯಾವುದು?

ಪಟ್ಟಣ ಪಂಚಾಯಿತಿ, ಪುರಸಭೆಯ ಸಭೆಗಳಲ್ಲಿ ಮಾತು ಬಂದಾಗೆಲ್ಲ ಉತ್ತರ ಒಂದೇ: ಯುಜಿಡಿ. ರಸ್ತೆ ಅಗೆದು ಒಳಚರಂಡಿ ಹಾಕಿ, ಕೊನೆಗೆ ಒಂದು ದೊಡ್ಡ ಎಸ್‌ಟಿಪಿ. ಇದು ಎಲ್ಲ ಊರಿಗೂ ಸರಿ ಹೋಗುತ್ತದಾ?

2011ರ ಜನಗಣತಿಯಲ್ಲಿ ಮಡಿಕೇರಿಗೆ 33 ಸಾವಿರ ಜನ, ವಿರಾಜಪೇಟೆಗೆ 17 ಸಾವಿರ, ಕುಶಾಲನಗರಕ್ಕೆ 15 ಸಾವಿರ. ಈಗ ಇನ್ನೂ ಬೆಳೆದಿವೆ. 15 ಸಾವಿರ ಜನರ ಊರು ಅಂದರೂ ದಿನಕ್ಕೆ 16 ಲಕ್ಷ ಲೀಟರ್ ಕೊಳಚೆ. ಮಡಿಕೇರಿ ಗುಡ್ಡದ ನೆತ್ತಿಯ ಊರು, ನೀರು ನಾಲ್ಕು ದಿಕ್ಕಿಗೂ ಇಳಿಯುತ್ತದೆ. ಎಲ್ಲವನ್ನೂ ಒಂದೇ ಕಡೆ ಸೇರಿಸಬೇಕಾದರೆ ಕಣಿವೆಯಿಂದ ಮೇಲಕ್ಕೆ ಪಂಪ್ ಮಾಡಬೇಕು. ಪಂಪ್ ಅಂದರೆ ಮತ್ತೆ ಕರೆಂಟ್. ಇಂಥ ಊರಿಗೆ ಒಂದು ದೊಡ್ಡದರ ಬದಲು ಕಣಿವೆಗೊಂದರಂತೆ ನಾಲ್ಕೈದು ಸಣ್ಣವು ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕುಶಾಲನಗರ ತದ್ವಿರುದ್ಧ. ಮನೆಗಳು ಒತ್ತೊತ್ತಾಗಿವೆ, ನೆಲ ಸಮ, ಇಂಗುಗುಂಡಿಗೆ ಜಾಗ ಇಲ್ಲ. ಅಲ್ಲಿ ಒಳಚರಂಡಿಯೇ ಸರಿ. ಆದರೆ ಎಲ್ಲ ಪೈಪೂ ಇಳಿಯುವುದು ಹೊಳೆಯ ಕಡೆಗೆ. 2018ರಲ್ಲಿ, 2019ರಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿದ್ದನ್ನು ನೋಡಿದ್ದೇವೆ. ಮ್ಯಾನ್‌ಹೋಲ್ ಮುಳುಗಿದರೆ ಹೊಳೆ ನೀರು ಪೈಪಿಗೆ, ಪೈಪಿನ ನೀರು ಮನೆಯ ಬಚ್ಚಲಿಗೆ. ಆದ್ದರಿಂದ ಎಸ್‌ಟಿಪಿಯ ಕಟ್ಟೆ ಎಷ್ಟು ಎತ್ತರದಲ್ಲಿದೆ, ಮನೆಯ ಪೈಪಿಗೆ ಹಿಂದಕ್ಕೆ ಬರದಂತೆ ವಾಲ್ವ್ ಇದೆಯಾ ಅನ್ನುವುದನ್ನು ವಾರ್ಡ್ ಸಭೆಯಲ್ಲಿ ಕೇಳಿ. ಎಷ್ಟು ಕೋಟಿಯ ಯೋಜನೆ ಅನ್ನುವುದಕ್ಕಿಂತ ಇದು ಮುಖ್ಯ.

ಕೆರೆಯಂಥ ಹೊಂಡಗಳಲ್ಲಿ ಬಿಸಿಲಿಗೆ ಬಿಟ್ಟು ಶುದ್ಧ ಮಾಡುವ ಪದ್ಧತಿಯೂ ಇದೆ. ಬಯಲುಸೀಮೆಯ ಊರುಗಳಿಗೆ ಅದು ಅಗ್ಗ, ಸುಲಭ. ನಮ್ಮಲ್ಲಿ ಅಷ್ಟು ಸಮ ಜಾಗವೂ ಇಲ್ಲ, ಜೂನ್ ಬಂದರೆ ಬಿಸಿಲೂ ಇಲ್ಲ. ಬಿಡಿ.

ಸೋಮವಾರಪೇಟೆ, ಪೊನ್ನಂಪೇಟೆ, ನಾಪೋಕ್ಲು, ಸಿದ್ದಾಪುರದಂಥ ಊರುಗಳಿಗೆ ನನಗೆ ಸರಿ ಕಾಣುವುದು ಬೇರೆ ದಾರಿ. ಮನೆಗಳ ಟ್ಯಾಂಕ್ ಹಾಗೇ ಇರಲಿ, ಅವನ್ನು ಸರಿಪಡಿಸಲಿ. ಗಾಡಿ ಸರದಿಯ ಪ್ರಕಾರ ಬಂದು ಕೆಸರು ತೆಗೆಯಲಿ. ಆ ಕೆಸರಿಗೆ ಮಾತ್ರ ಒಂದು ಘಟಕ ಕಟ್ಟಲಿ. ದೇವನಹಳ್ಳಿಯಲ್ಲಿ 2015ರಿಂದ ಇಂಥದ್ದು ಇದೆ, ದಿನಕ್ಕೆ 6000 ಲೀಟರ್ ಕೆಸರಿನ ಅಳತೆಯದು. ಹೆಚ್ಚಿನ ಕೆಲಸ ಇಳಿಜಾರಿನಲ್ಲೇ ನಡೆಯುತ್ತದೆ, ಕರೆಂಟ್ ಖರ್ಚು ಕಡಿಮೆ. ಒಬ್ಬರಿಂದ ವರ್ಷಕ್ಕೆ ನೂರು ಲೀಟರ್ ಕೆಸರು ಅಂತ ಹಿಡಿದರೆ 15 ಸಾವಿರ ಜನರ ಊರಿಗೆ ವರ್ಷಕ್ಕೆ 15 ಲಕ್ಷ ಲೀಟರ್. 300 ದಿನಕ್ಕೆ ಹಂಚಿದರೆ ದಿನಕ್ಕೆ 5000 ಲೀಟರ್. ಅಳತೆ ಹೊಂದುತ್ತದೆ ಅಲ್ವಾ? ಈಗ ಗಾಡಿಯವರು ತೆಗೆದ ಕೆಸರನ್ನು ರಾತ್ರಿ ಎಲ್ಲಿ ಸುರಿಯುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ಕೇಳಲು ಇದು ಒಳ್ಳೆಯ ನೆಪ. ಒಂದೇ ಬದಲಾವಣೆ ಬೇಕು: ಕೆಸರು ಒಣಗಿಸುವ ಹಾಸಿಗೆಗೆ ಮೇಲೆ ಸೂರು ಹಾಕಬೇಕು. ಬೆಳಕು ಬೀಳುವ ಶೀಟ್ ಹಾಕಿದರೂ ಮಳೆಗಾಲದಲ್ಲಿ ಒಣಗುವುದು ನಿಧಾನ. ಹಾಗಾಗಿ ಜನವರಿಯಿಂದ ಮೇ ಒಳಗೇ ಹೆಚ್ಚಿನ ಮನೆಗಳ ಸರದಿ ಮುಗಿಸುವುದು ಒಳ್ಳೆಯದು. 2021ರಲ್ಲಿ ಶುರುವಾದ ಸ್ವಚ್ಛ ಭಾರತ್ ಮಿಷನ್ ನಗರ 2.0ರಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರುಗಳ ಬಳಸಿದ ನೀರಿಗೆ ಅಂತಲೇ ಹಣದ ಬಾಬತ್ತು ಇದೆ.

ನಿಮ್ಮ ಬೀದಿಗೆ ಒಳಚರಂಡಿ ಬಂದೇ ಬಂತು ಅಂದರೆ ಹಳೇ ಟ್ಯಾಂಕನ್ನು ದಾಟಿ ನೇರ ಪೈಪು ಕೊಡಿಸಿ, ಟ್ಯಾಂಕಿನ ಮೂಲಕ ಬೇಡ. ಟ್ಯಾಂಕನ್ನು ಗಾಡಿಯಿಂದ ಖಾಲಿ ಮಾಡಿಸಿ, ಸುಣ್ಣ ಹಾಕಿ, ಮರಳೋ ಕಲ್ಲುಮಣ್ಣೋ ತುಂಬಿಸಿ ಮುಚ್ಚಿ. ಖಾಲಿ ಬಿಟ್ಟರೆ ಚಪ್ಪಡಿ ಒಂದು ದಿನ ಕುಸಿಯುತ್ತದೆ. ಸೂರಿನ ನೀರಿನ ಪೈಪನ್ನು ಒಳಚರಂಡಿಗೆ ಸೇರಿಸಲು ಪ್ಲಂಬರ್ ಹೊರಟರೆ ಅಲ್ಲೇ ತಡೆಯಿರಿ.